ಕಮಲಾಪುರ ಸೀಮೆಯ ಸ್ಥಳೀಯಾಡಳಿತ: ಕಾಲುವೆಯ ಎಲ್ಲೆ, ಕಚೇರಿಯ ಎಲ್ಲೆ

ಒಂದು ಪಟ್ಟಣದ ಪುರಸಭೆಯ ಚರಿತ್ರೆಯನ್ನು ಬರೆಯಹೊರಟವನು, ಅದು ಯಾವ ಕಾಯಿದೆಯ ಯಾವ ಪ್ರಕರಣದ ಮೇರೆಗೆ ಸ್ಥಾಪಿತವಾಯಿತು, ಪ್ರಥಮ ಅಧ್ಯಕ್ಷರು ಯಾರು, ಕಟ್ಟಡದ ಶಂಕುಸ್ಥಾಪನೆಯನ್ನು ನೆರವೇರಿಸಿದ ಮಹನೀಯರಾರು ಎಂಬ ವಿವರಗಳಿಂದ ಆರಂಭಿಸುವುದು ಸ್ಮರಣ ಸಂಚಿಕೆಗಳ ವಾಡಿಕೆ. ಹಂಪಿಯ ನೆರೆಯ ಕಮಲಾಪುರದ ವಿಷಯದಲ್ಲಿ ಈ ಕ್ರಮವನ್ನನುಸರಿಸಿದರೆ ಕಥೆಯ ಬಹುಭಾಗವು ಹೊರಗುಳಿದೀತು. ಏಕೆಂದರೆ ಇಲ್ಲಿ ಕಚೇರಿಗಳು ಹುಟ್ಟುವುದಕ್ಕೆ ಶತಮಾನಗಳಷ್ಟು ಮುಂಚೆಯೇ ನೀರನ್ನು ತರುವ, ಹಂಚುವ, ಅದಕ್ಕಾಗಿ ದುಡಿಯುವ, ಅದರ ಸಲುವಾಗಿ ವ್ಯಾಜ್ಯವಾಡುವ ಒಂದು ಆಡಳಿತವು ನೆಲೆಗೊಂಡಿದ್ದಿತು. ಅನಂತರ ಬಂದ ರಾಜ್ಯಗಳೂ ಬೋರ್ಡುಗಳೂ ಪ್ರಾಧಿಕಾರಗಳೂ ಈ ಹಳೆಯ ಜಲಾಡಳಿತದ ಮೇಲೆ ತಮ್ಮ ತಮ್ಮ ಗಡಿರೇಖೆಗಳನ್ನು ಎಳೆಯುತ್ತ ಬಂದುವೇ ಹೊರತು, ಆ ಎರಡು ಬಗೆಯ ರೇಖೆಗಳು ಒಂದರ ಮೇಲೊಂದು ಸರಿಯಾಗಿ ಕೂಡಿ ಬಂದ ಕಾಲವು ಬಹುಶಃ ಒಂದೂ ಇಲ್ಲ.

ಸೀಮೆಯ ನೆಲವನ್ನು ಮೊದಲು ನೋಡತಕ್ಕುದು. ಪಶ್ಚಿಮದಿಂದ ಬರುವ ತುಂಗಭದ್ರೆಯು ಹೊಸಪೇಟೆಯ ಬಳಿ ಬೆಟ್ಟಗಳ ಸಂದಿಯನ್ನು ಹೊಕ್ಕು, ಹಂಪಿ ಆನೆಗೊಂದಿಗಳ ನಡುವೆ ಕಣಶಿಲೆಯ ಗುಂಡುಗಳ ರಾಶಿಗಳನ್ನು ಸುತ್ತಿ ಬಳಸಿ ಈಶಾನ್ಯಕ್ಕೆ ತಿರುಗಿ, ಕಂಪ್ಲಿಯನ್ನು ದಾಟಿದ ಮೇಲೆ ಸಿರುಗುಪ್ಪೆಯ ಎರೆಭೂಮಿಯ ಬಯಲನ್ನು ಸೇರುತ್ತದೆ. ದಕ್ಷಿಣದಲ್ಲಿ ಸಂಡೂರಿನ ಬೆಟ್ಟಗಳು ಎರಡು ಸಮಾಂತರ ಶ್ರೇಣಿಗಳಾಗಿ ಹಬ್ಬಿ, ನಡುವೆ ಒಂದು ಕಣಿವೆಯನ್ನು ಕಾಪಾಡಿಕೊಂಡಿವೆ. ನಾರಿಹಳ್ಳವು ಒಂದು ಶ್ರೇಣಿಯನ್ನು ಓಬಳಗಂಡಿಯಲ್ಲಿಯೂ ಇನ್ನೊಂದನ್ನು ಭೀಮಗಂಡಿಯಲ್ಲಿಯೂ ಸೀಳಿ ಹರಿಯುವ ದೃಶ್ಯವನ್ನು ನೋಡಿದವರಿಗೆ, ಈ ಕಣಿವೆಯು ಬಹುಕಾಲ ತನ್ನದೇ ಆದ ಸಂಸ್ಥಾನವಾಗಿ ಉಳಿದುದು ಆಶ್ಚರ್ಯವೆನಿಸದು. ವರ್ಷಕ್ಕೆ ಸುಮಾರು 20ರಿಂದ 25 ಅಂಗುಲ ಮಳೆ ಬೀಳುವ ಈ ನಾಡಿನಲ್ಲಿ ಮಸಾರಿ ಹೊಲಗಳಲ್ಲಿ ಜೋಳ ಸಜ್ಜೆಗಳು ದೈವಾಧೀನವಾಗಿ ಬೆಳೆದರೆ, ಕಾಲುವೆಯ ಕೆಳಗಣ ಗದ್ದೆಗಳಲ್ಲಿ ಬತ್ತ, ಕಬ್ಬು, ಬಾಳೆಗಳು ಬೇಸಗೆಯಲ್ಲಿಯೂ ಹಸಿರಾಗಿರುತ್ತವೆ. ಒಂದೇ ಊರಿನ ಒಂದೇ ವಂಶದ ಇಬ್ಬರು ಸಹೋದರರಲ್ಲಿ ಕಾಲುವೆಯ ಮೇಲ್ಗಡೆಯ ಹೊಲ ಒಬ್ಬನಿಗೂ ಕೆಳಗಡೆಯ ಗದ್ದೆ ಇನ್ನೊಬ್ಬನಿಗೂ ಪಾಲಿಗೆ ಬಂದರೆ, ಎರಡು ತಲೆಮಾರಿನಲ್ಲಿ ಆ ಮನೆಗಳ ಸ್ಥಿತಿಗತಿಗಳು ಗುರುತು ಸಿಕ್ಕದಷ್ಟು ಬೇರೆಯಾಗುವುದನ್ನು ಇಲ್ಲಿಯವರೆಲ್ಲ ಬಲ್ಲರು.

ಈ ಕಾಲುವೆಗಳ ಹೆಸರುಗಳೇ ಸೀಮೆಯ ನಿಜವಾದ ವಿಭಾಗಪಟ್ಟಿ. ರಾಯ ಕಾಲುವೆ, ಬಸವಣ್ಣ ಕಾಲುವೆ, ಬೆಲ್ಲ ಕಾಲುವೆ, ಕಾಳಘಟ್ಟ, ತುರ್ತು, ರಾಮಸಾಗರ, ಕಂಪ್ಲಿ, ಅವುಗಳ ಕೆಳಗೆ ಸಿರುಗುಪ್ಪೆ, ದೇಶನೂರು: ಹೀಗೆ ಹೊಳೆಗೆ ಅಡ್ಡಲಾಗಿ ಬಂಡೆಯಿಂದ ಬಂಡೆಗೆ ಕಟ್ಟಿದ ಒಡ್ಡುಗಳಿಂದ ಹೊರಟ ನೀರು ವಿಜಯನಗರದ ಅರಸರ ಕಾಲದಿಂದ ಹರಿಯುತ್ತಿದೆ. ಕೊರ್ರಗಲ್ಲಿನ ಒಡ್ಡು ಮತ್ತು ಬಸವಣ್ಣ ಕಾಲುವೆ ಇವು 1521ರ ಸುಮಾರಿಗೆ, ಕೃಷ್ಣದೇವರಾಯನ ಆಳ್ವಿಕೆಯಲ್ಲಿ, ಸಿದ್ಧವಾದುವು. ಅದೇ ಕಾಲದಲ್ಲಿ ರಾಜಧಾನಿಯನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸನು, ಎರಡು ಬೆಟ್ಟಗಳ ನಡುವೆ ಅಸಂಖ್ಯ ಜನರು ದುಡಿದು ಕಟ್ಟುತ್ತಿದ್ದ ಒಂದು ಕೆರೆಯನ್ನು ವರ್ಣಿಸಿದ್ದಾನೆ. ಅದು ಹೊಸಪೇಟೆಯಿಂದ ಸಂಡೂರಿಗೆ ಹೋಗುವ ದಾರಿಯ ಕೆರೆಯೇ ಎಂದು ರಾಬರ್ಟ್ ಸೂಯೆಲ್ ಊಹಿಸಿದನು. ಕಮಲಾಪುರದ ಕೆರೆಯಾದರೋ ರಾಯ ಕಾಲುವೆಯ ನೀರನ್ನು ಪಡೆದು, ಪಾಳುಬಿದ್ದ ಅರಮನೆಯ ಪ್ರಾಕಾರದ ನೆರೆಯಲ್ಲಿ ಇಂದಿಗೂ ತುಂಬಿ ನಿಲ್ಲುವ ಸೌಭಾಗ್ಯವನ್ನುಳಿಸಿಕೊಂಡಿದೆ. ಸಾಮ್ರಾಜ್ಯವು ಹೋಯಿತು, ಅದರ ಲೋಕೋಪಯೋಗಿ ಇಲಾಖೆಯು ಮಾತ್ರ ನಿವೃತ್ತವಾಗಲಿಲ್ಲ.

ರಾಜಧಾನಿಯೆಂಬುದು ಒಂದೇ ಪಟ್ಟಣವಾಗಿರದೆ ಅನೇಕ ಪುರಗಳ ಸಮುಚ್ಚಯವಾಗಿದ್ದಿತು. ವಿಠ್ಠಲಾಪುರ, ಕೃಷ್ಣಾಪುರ, ಅಚ್ಯುತಾಪುರ, ಪಟ್ಟಾಭಿರಾಮ ದೇವಾಲಯವನ್ನು ಕೇಂದ್ರವಾಗಿಟ್ಟುಕೊಂಡ ವರದಾದೇವಿಯಮ್ಮನ ಪಟ್ಟಣ, ಹೊಸಪೇಟೆಯ ಮೂಲವಾದ ನಾಗಲಾಪುರ, ಅನಂತಶಯನಗುಡಿಯ ಸುತ್ತಣ ಪುರ, ಇವೆಲ್ಲವುಗಳಿಗೂ ಒಂದು ದೇವಾಲಯ, ಅದರ ಮುಂದೊಂದು ತೇರುಬೀದಿ, ಅಂಗಡಿಸಾಲು, ಒಂದು ಜಲಾಶ್ರಯ ಎಂಬ ವಿನ್ಯಾಸವು ಸಾಮಾನ್ಯವಾಗಿದ್ದಿತು. ಪಟ್ಟಾಭಿರಾಮ ದೇವಾಲಯವು ಇಂದು ಕಮಲಾಪುರದ ಪೂರ್ವಕ್ಕೆ, ಗದ್ದೆಗಳ ನಡುವೆ ನಿಂತಿದೆ. ಆಧುನಿಕ ನಗರಯೋಜನೆಯ ಪರಿಭಾಷೆಯಲ್ಲಿ ‘ವಾರ್ಡು’ ಎಂದು ಕರೆಯಬಹುದಾದ ಇಂಥ ಘಟಕಗಳಲ್ಲಿ ಕೆಲವು ಬರಿಯ ಶಾಸನಗಳಲ್ಲಿ ಉಳಿದರೆ, ಕಮಲಾಪುರವು ತನ್ನ ಕೋಟೆಯ ಬುರುಜಿನೊಡನೆಯೂ ಕೆರೆಯೊಡನೆಯೂ ಜನವಸತಿಯಾಗಿಯೇ ಮುಂದುವರಿಯಿತು. ಗ್ರಾಮಗಳಲ್ಲಿ ಆಯಗಾರರ ಪದ್ಧತಿಯಿದ್ದಿತು. ಅದರೊಳಗಣ ನೀರುಗಂಟಿಯು ಇಂದಿನ ಯಾವ ಅಭಿಯಂತರನಿಗೂ ಕಡಿಮೆಯಿಲ್ಲದ ಅಧಿಕಾರಿ. ಯಾವ ತೂಬನ್ನು ಎಷ್ಟು ಹೊತ್ತು ತೆರೆಯಬೇಕು, ಯಾರ ಗದ್ದೆಗೆ ಮೊದಲು, ಯಾರಿಗೆ ಅನಂತರ ಎಂಬುದನ್ನು ಅವನು ಲಿಖಿತ ನಿಯಮವಿಲ್ಲದೆ ನಿರ್ಣಯಿಸುತ್ತಿದ್ದನು, ಮತ್ತು ಆ ನಿರ್ಣಯಕ್ಕೆ ಊರು ಬಹುಮಟ್ಟಿಗೆ ತಲೆಬಾಗುತ್ತಿದ್ದಿತು.

1565ರಲ್ಲಿ ವಿಜಯನಗರವು ಬಿದ್ದುದರಿಂದೀಚೆಗಿನ ಎರಡು ಶತಮಾನಗಳ ರಾಜ್ಯಪಲ್ಲಟಗಳನ್ನು ಇಲ್ಲಿ ವಿಸ್ತರಿಸುವ ಅಗತ್ಯವಿಲ್ಲ. 1800ರ ಅಕ್ಟೋಬರಿನಲ್ಲಿ ಹೈದರಾಬಾದಿನ ನಿಜಾಮನು ಈ ಸೀಮೆಯನ್ನು ಕಂಪೆನಿಯ ಸರಕಾರಕ್ಕೆ ಬಿಟ್ಟುಕೊಟ್ಟನು. ಆ ದತ್ತಮಂಡಲದ ಪ್ರಧಾನ ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋ 1807ರವರೆಗೂ ಇದ್ದು, ಪಾಳೆಯಗಾರರ ಬಲವನ್ನು ಮುರಿದು, ಹೊಲಹೊಲವನ್ನೂ ಅಳೆಯಿಸಿ, ರೈತನೊಡನೆ ನೇರವಾಗಿ ಕಂದಾಯವನ್ನು ಗೊತ್ತುಮಾಡುವ ರೈತವಾರಿ ಪದ್ಧತಿಗೆ ಇಲ್ಲಿ ತಳಹದಿ ಹಾಕಿದನು. ಅನಂತರ ದತ್ತಮಂಡಲವು ಬಳ್ಳಾರಿ ಮತ್ತು ಕಡಪ ಜಿಲ್ಲೆಗಳಾಗಿ ಒಡೆಯಿತು. 1882ರಲ್ಲಿ ಬಳ್ಳಾರಿಯಿಂದ ಅನಂತಪುರವು ಬೇರೆಯಾಯಿತು. ನದಿಯ ಉತ್ತರದಂಡೆಯು ನಿಜಾಮನಲ್ಲಿಯೇ ಉಳಿದುದರಿಂದ, ಒಂದೇ ರಾಜಧಾನಿಯ ಎರಡು ದಡಗಳಾಗಿದ್ದ ಹಂಪಿಯೂ ಆನೆಗೊಂದಿಯೂ ಒಂದೂವರೆ ಶತಮಾನದವರೆಗೆ ಎರಡು ಪ್ರಭುತ್ವಗಳಿಗೆ ಸೇರಿದುವು; ಹರಿಗೋಲಿನಲ್ಲಿ ಹೊಳೆ ದಾಟಿದವನು ರಾಜ್ಯವನ್ನೇ ದಾಟುತ್ತಿದ್ದನು. ಮನ್ರೋವಿನ ವ್ಯವಸ್ಥೆಯು ಗೌಡ, ಕರಣಿಕ, ತಳವಾರ, ನೀರುಗಂಟಿಗಳನ್ನು ಉಚ್ಚಾಟಿಸಲಿಲ್ಲ, ಅವರನ್ನು ಸರಕಾರದ ಲೆಕ್ಕಪತ್ರದೊಳಕ್ಕೆ ತಂದುಕೊಂಡಿತು. ಕಾಲುವೆಯ ಹೂಳೆತ್ತುವುದಕ್ಕೆ ಊರವರೆಲ್ಲ ಸೇರಿ ದುಡಿಯುವ ಕುಡಿಮರಾಮತ್ತು ಎಂಬ ಹಳೆಯ ಸಂಪ್ರದಾಯಕ್ಕೆ ಮದರಾಸು ಸರಕಾರವು 1858ರ ಮೊದಲನೆಯ ಕಾಯಿದೆಯ ಮೂಲಕ ಕಡ್ಡಾಯದ ಬಲವನ್ನೂ ಕೊಟ್ಟಿತು. ಸ್ವಯಂಪ್ರೇರಿತವಾಗಿ ನಡೆಯುತ್ತಿದ್ದುದನ್ನು ಕಾಯಿದೆಯಿಂದ ಕಟ್ಟಬೇಕಾಗಿ ಬಂದುದೇ ಅದು ಶಿಥಿಲವಾಗುತ್ತಿದ್ದುದಕ್ಕೆ ಸಾಕ್ಷಿಯೆಂದು ನನ್ನ ಅಭಿಪ್ರಾಯ.

1876ರಿಂದ 78ರವರೆಗಿನ ಧಾತು ಸಂವತ್ಸರದ ಬರದಲ್ಲಿ ಬಳ್ಳಾರಿ ಜಿಲ್ಲೆಯು ಪಟ್ಟ ಪಾಡನ್ನು ಹಿರಿಯರು ಹೇಳುತ್ತಿದ್ದರು. ಆ ಬರದ ನಾಲ್ಕು ವರ್ಷಗಳ ಮೇಲೆ, 1882ರ ಮೇ ತಿಂಗಳಲ್ಲಿ, ವೈಸರಾಯ್ ಲಾರ್ಡ್ ರಿಪ್ಪನ್ನನ ಸ್ಥಳೀಯ ಸ್ವಯಮಾಡಳಿತದ ಪ್ರಸಿದ್ಧ ನಿರ್ಣಯವು ಹೊರಟು, ಅದರ ಫಲವಾಗಿ ಮದರಾಸಿನಲ್ಲಿ 1884ರ ಸ್ಥಳೀಯ ಬೋರ್ಡುಗಳ ಕಾಯಿದೆಯು ಜಾರಿಗೆ ಬಂದಿತು. ಜಿಲ್ಲೆಗೊಂದು ಬೋರ್ಡು, ಅದರ ಕೆಳಗೆ ತಾಲ್ಲೂಕು ಬೋರ್ಡುಗಳು, ದೊಡ್ಡ ಗ್ರಾಮಗಳಿಗೆ ಯೂನಿಯನ್ನುಗಳು ಎಂಬ ಮೂರು ಅಂತಸ್ತಿನ ಈ ಕಟ್ಟಡವು ಭೂಮಿಯ ಉತ್ಪತ್ತಿಯ ಮೇಲಣ ರೂಪಾಯಿಗೆ ಒಂದಾಣೆಯ ಸೆಸ್ಸು, ಸುಂಕದಕಟ್ಟೆಗಳ ಆದಾಯ, ಯೂನಿಯನ್ನುಗಳಲ್ಲಿ ಮನೆಕಂದಾಯ ಇವುಗಳನ್ನು ಆಧರಿಸಿ ನಿಂತಿದ್ದಿತು. ಛತ್ರ, ರಸ್ತೆ, ಪ್ರಾಥಮಿಕ ಶಾಲೆ, ದೇವಿ ಹಾಕುವುದು, ಕುಡಿಯುವ ನೀರಿನ ಬಾವಿ, ಇವು ಅದರ ಕರ್ತವ್ಯಗಳು. ಕಾಲುವೆ ಕೆರೆಗಳು ಮಾತ್ರ ಅದರ ಪಟ್ಟಿಯಲ್ಲಿರಲಿಲ್ಲ. ಅವು ರೆವಿನ್ಯೂ ಮತ್ತು ಲೋಕೋಪಯೋಗಿ ಇಲಾಖೆಗಳ ಸೊತ್ತಾಗಿ ಉಳಿದುವು. ಊರಿನ ದೀಪ, ಚರಂಡಿಗಳನ್ನು ಊರವರಿಗೆ ಒಪ್ಪಿಸಿ, ಊರಿನ ಜೀವಾಳವಾದ ನೀರನ್ನು ಸರಕಾರವೇ ಇಟ್ಟುಕೊಂಡ ಈ ವಿಭಜನೆಯು ಅಂದು ಯಾರ ಗಮನವನ್ನೂ ಅಷ್ಟಾಗಿ ಸೆಳೆಯಲಿಲ್ಲ. 1920ರಲ್ಲಿ ಸ್ಥಳೀಯ ಬೋರ್ಡುಗಳ ಹೊಸ ಕಾಯಿದೆ, ಗ್ರಾಮ ಪಂಚಾಯಿತಿಗಳ ಕಾಯಿದೆ ಬಂದುವು. 1934ರಲ್ಲಿ ತಾಲ್ಲೂಕು ಬೋರ್ಡುಗಳು ರದ್ದಾದುವು. 1950ರಲ್ಲಿ ಪಂಚಾಯಿತಿಗಳಿಗೆ ಮತ್ತೊಂದು ಕಾಯಿದೆ. ಮೂಲ ವಿಭಜನೆ ಹಾಗೆಯೇ ಉಳಿಯಿತು.

ಈ ನಡುವೆ ಬೆಟ್ಟದಾಚೆಯ ಸಂಡೂರು ಘೋರ್ಪಡೆ ಮನೆತನದ ಚಿಕ್ಕ ಸಂಸ್ಥಾನವಾಗಿ ತನ್ನ ದಾರಿಯಲ್ಲಿ ನಡೆಯುತ್ತಿದ್ದಿತು. ಯಶವಂತರಾವ್ ಘೋರ್ಪಡೆಯವರ ಕಾಲದಲ್ಲಿ, 1932ರಲ್ಲಿ, ಕುಮಾರಸ್ವಾಮಿ ದೇವಾಲಯದ ಪ್ರವೇಶವು ಹರಿಜನರಿಗೆ ದೊರೆತುದು ಆ ಪುಟ್ಟ ಸಂಸ್ಥಾನದ ಹಿರಿಮೆ. ನೆರೆಯ ಬ್ರಿಟಿಷ್ ಜಿಲ್ಲೆಯ ಬೋರ್ಡುಗಳು ಮಾಡಲಾರದುದನ್ನು ಒಬ್ಬ ಅರಸನ ಆಜ್ಞೆಯು ಮಾಡಿತೆಂಬುದನ್ನು ಪ್ರಜಾಪ್ರಭುತ್ವದ ಅಭಿಮಾನಿಗಳು ಸ್ವಲ್ಪ ಸಂಕೋಚದಿಂದಲೇ ನೆನೆಯಬೇಕಾಗಿದೆ. 1949ರ ಏಪ್ರಿಲ್ 1ರಂದು ಸಂಡೂರು ಮದರಾಸು ಪ್ರಾಂತದೊಡನೆ ವಿಲೀನವಾಗಿ ಬಳ್ಳಾರಿ ಜಿಲ್ಲೆಯ ತಾಲ್ಲೂಕಾಯಿತು.

1953ರ ಅಕ್ಟೋಬರ್ 1 ಈ ಸೀಮೆಯ ಮಹಾಸಂಕ್ರಮಣ. ಆಂಧ್ರ ರಾಜ್ಯವು ಜನಿಸಿದ ಆ ದಿನ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದುವು. ಬಳ್ಳಾರಿ ತಾಲ್ಲೂಕಿನ ವಿವಾದವನ್ನು ನ್ಯಾಯಮೂರ್ತಿ ಮಿಶ್ರಾ ಅವರು ವಿಚಾರಣೆ ಮಾಡಿದ ಮೇಲೆ, ಹೊಸಪೇಟೆ, ಸಂಡೂರುಗಳನ್ನೊಳಗೊಂಡ ಏಳು ತಾಲ್ಲೂಕುಗಳು ಮೈಸೂರಿಗೆ ಬಂದುವು. ಮದರಾಸಿನ ಫಿರ್ಕಾಗಳು ಮೈಸೂರಿನ ಹೋಬಳಿಗಳಾದುವು. ಕಚೇರಿಯ ಬೋರ್ಡುಗಳು ಬದಲಾದಷ್ಟು ಬೇಗ ಕಚೇರಿಯ ಅಭ್ಯಾಸಗಳು ಬದಲಾಗಲಿಲ್ಲ. ಅದೇ ಹೊತ್ತಿಗೆ ತುಂಗಭದ್ರಾ ಅಣೆಕಟ್ಟಿನ ಕೆಲಸವೂ ಕೊನೆಮುಟ್ಟುತ್ತಿದ್ದಿತು. 1945ರಲ್ಲಿ ನಿಜಾಮನ ಸರಕಾರವೂ ಮದರಾಸು ಸರಕಾರವೂ ಎರಡು ದಡಗಳಲ್ಲಿ ಎರಡು ಶಂಕುಸ್ಥಾಪನೆಗಳನ್ನು ಮಾಡಿಕೊಂಡು ಆರಂಭಿಸಿದ ಈ ಕಟ್ಟಡವು ಮುಗಿಯುವ ಹೊತ್ತಿಗೆ ಆ ಎರಡು ಸರಕಾರಗಳ ಹಕ್ಕೂ ಇಲ್ಲಿ ಉಳಿದಿರಲಿಲ್ಲ. ನೀರನ್ನು ಹಂಚಲು ತುಂಗಭದ್ರಾ ಮಂಡಳಿಯು ಅಸ್ತಿತ್ವಕ್ಕೆ ಬಂದಿತು. ಕೃಷ್ಣದೇವರಾಯನ ಕಾಲದ ಕೊರ್ರಗಲ್ಲು, ವಲ್ಲಭಾಪುರಗಳ ಒಡ್ಡುಗಳು ಜಲಾಶಯದಲ್ಲಿ ಮುಳುಗಿದುವು. ರಾಯ ಬಸವಣ್ಣ ಕಾಲುವೆಗಳ ಮುಖವು ಹೊಳೆಯ ಬಂಡೆಗಳಿಂದ ಅಣೆಕಟ್ಟಿನ ಗೋಡೆಗೆ ಸ್ಥಳಾಂತರಗೊಂಡಿತು. ಕಾಲುವೆಯು ಅದೇ, ನೀರು ಅದೇ, ಬೀಗದ ಕೈ ಮಾತ್ರ ಅಂತರರಾಜ್ಯ ಮಂಡಳಿಯದು.

ಸುಮಾರು 90 ಗ್ರಾಮಗಳು ಆ ಜಲಾಶಯದಲ್ಲಿ ಮುಳುಗಿದುವು. ನಾರಾಯಣದೇವರಕೆರೆಯ ಜನರು ಮರಿಯಮ್ಮನಹಳ್ಳಿಗೆ ಬಂದು ನೆಲೆಸಿ, ತಮ್ಮ ದೇವರನ್ನೂ ತೇರನ್ನೂ ಅಲ್ಲಿಗೇ ತಂದರು. ಈ ಸಂದರ್ಭದಲ್ಲಿ ಇಂಗ್ಲೆಂಡಿನ ಪೂರ್ವತೀರದ ಡನಿಚ್ ಎಂಬ ಊರು ನೆನಪಾಗುತ್ತದೆ. ಮಧ್ಯಯುಗದಲ್ಲಿ ದೊಡ್ಡ ಬಂದರಾಗಿದ್ದ ಆ ಪಟ್ಟಣವನ್ನು ಕಡಲು ಶತಮಾನಗಳ ಕಾಲ ಕೊರೆದು ನುಂಗಿತು. ಆದರೂ ಬೆರಳೆಣಿಕೆಯ ಮತದಾರರ ಆ ಅವಶೇಷವು 1832ರವರೆಗೆ ಪಾರ್ಲಿಮೆಂಟಿಗೆ ಇಬ್ಬರು ಪ್ರತಿನಿಧಿಗಳನ್ನು ಕಳುಹಿಸುತ್ತಿದ್ದಿತು, ಅದರ ಪುರಸಭೆಯು 1886ರವರೆಗೂ ಕಾಗದದಲ್ಲಿ ಜೀವಿಸಿದ್ದಿತು. ನೆಲವಿಲ್ಲದೆ ಅಧಿಕಾರವಿದ್ದ ಆ ಊರಿನ ವಿಚಿತ್ರವನ್ನು ಓದಿ ನಗುವ ಮೊದಲು, ನೆಲವಿದ್ದೂ ಅದರ ಮೇಲೆ ಅಧಿಕಾರ ಸಾಲದ ನಮ್ಮ ಕಮಲಾಪುರದ ಸ್ಥಿತಿಯನ್ನು ವಿಚಾರಿಸುವುದು ಯುಕ್ತ.

1959ರ ಮೈಸೂರು ಕಾಯಿದೆಯ ತಾಲ್ಲೂಕು ಅಭಿವೃದ್ಧಿ ಮಂಡಳಿಗಳು, 1963ರಲ್ಲಿ ಜಾರಿಯಾದ ಗ್ರಾಮಾಧಿಕಾರಿ ಹುದ್ದೆಗಳ ರದ್ದತಿ, 1983ರ ಕಾಯಿದೆಯಂತೆ 1987ರಲ್ಲಿ ಚುನಾಯಿತವಾದ ಜಿಲ್ಲಾ ಪರಿಷತ್ತುಗಳು ಮತ್ತು ಮಂಡಲ ಪಂಚಾಯಿತಿಗಳು, 1993ರ ಸಂವಿಧಾನ ತಿದ್ದುಪಡಿಗಳು, ಇವೆಲ್ಲ ರಾಜ್ಯದ ಉಳಿದೆಡೆಗಳಂತೆ ಇಲ್ಲಿಯೂ ಬಂದು ಹೋದುವು. ಇವುಗಳಲ್ಲಿ ಪಂಚಾಯತ್ ರಾಜ್ ಸಚಿವ ಅಬ್ದುಲ್ ನಜೀರ್ ಸಾಬರ ಕಾಲದ, 1987ರ ಪ್ರಯೋಗವೊಂದೇ ಅಧಿಕಾರವನ್ನು ನಿಜವಾಗಿಯೂ ಕೆಳಕ್ಕಿಳಿಸಿದುದೆಂಬುದು ಆ ಕಾಲವನ್ನು ಕಂಡವರ ಸಾಮಾನ್ಯ ಮತ. 1964ರ ಪುರಸಭೆಗಳ ಕಾಯಿದೆಯು, ತಿದ್ದುಪಡಿಯಾದ ಮೇಲೆ, 10,000ದಿಂದ 20,000 ಜನಸಂಖ್ಯೆಯ ಊರನ್ನು ಪಟ್ಟಣ ಪಂಚಾಯಿತಿಯೆಂದೂ ಅದಕ್ಕೆ ಮೇಲ್ಪಟ್ಟು 50,000ದವರೆಗಿನದನ್ನು ಪುರಸಭೆಯೆಂದೂ ವರ್ಗೀಕರಿಸಿತು. ಕಮಲಾಪುರವು ಮೊದಲನೆಯ ಪದವಿಯನ್ನು ಹೊಂದಿ, ಬೆಳೆದು, ಎರಡನೆಯದಕ್ಕೆ ಏರಿತು.

ಆದರೆ ಈ ಪುರಸಭೆಯ ಎಲ್ಲೆಯೊಳಗೆ ಪುರಸಭೆಯೊಂದೇ ಆಳುತ್ತಿದೆಯೆಂದು ಭಾವಿಸಿದರೆ ಅದು ಅಜ್ಞಾನವಾದೀತು. ಅವಶೇಷಗಳು ಭಾರತೀಯ ಪುರಾತತ್ತ್ವ ಇಲಾಖೆಯವು. ಹಿಂದೆ ಹಂಪಿಯ ಗಜಶಾಲೆಯಲ್ಲಿದ್ದ ಅದರ ವಸ್ತುಸಂಗ್ರಹಾಲಯವು 1972ರಲ್ಲಿ ಕಮಲಾಪುರಕ್ಕೆ ಬಂದು ಈ ಊರನ್ನು ದೇಶದ ವಿದ್ವಾಂಸರಿಗೆ ಪರಿಚಯಿಸಿತು. 1986ರಲ್ಲಿ ಹಂಪಿಯ ಸ್ಮಾರಕಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಯನ್ನು ಸೇರಿದುವು. 1999ರಲ್ಲಿ, ಆನೆಗೊಂದಿಯ ಬಳಿ ಕಟ್ಟುತ್ತಿದ್ದ ಸೇತುವೆಯೇ ಮೊದಲಾದ ಕಾರಣಗಳಿಂದ, ಅವನ್ನು ಅಪಾಯದಲ್ಲಿರುವ ಪರಂಪರೆಯ ಪಟ್ಟಿಗೆ ಸೇರಿಸಲಾಯಿತು. ಆ ಕಳಂಕವನ್ನು ತೊಳೆಯುವ ಸಲುವಾಗಿ 2002ರಲ್ಲಿ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ಕಾಯಿದೆಯಾಯಿತು. 2006ರಲ್ಲಿ ಹಂಪಿಯು ಅಪಾಯದ ಪಟ್ಟಿಯಿಂದ ಹೊರಬಂದಿತು. ವಿವಾದಕ್ಕೆ ಮೂಲವಾದ ಸೇತುವೆಯಾದರೋ, ಪೂರ್ತಿಯಾಗುವ ಮುನ್ನವೇ 2009ರ ಜನವರಿಯಲ್ಲಿ ಕುಸಿದು, ಕೆಲಸಗಾರರ ಪ್ರಾಣವನ್ನು ತೆಗೆದುಕೊಂಡಿತು. ಈ ಪ್ರಾಧಿಕಾರದ ವ್ಯಾಪ್ತಿ ಸುಮಾರು 236 ಚದರ ಕಿಲೋಮೀಟರು, 29 ಗ್ರಾಮಗಳು. ಅದರಲ್ಲಿ ಸುಮಾರು 42 ಚದರ ಕಿಲೋಮೀಟರು ಕೇಂದ್ರ ವಲಯ. ಹೊಳೆಯ ಎರಡು ದಡಗಳೂ, ಅಂದರೆ ಇಂದಿನ ವಿಜಯನಗರ ಮತ್ತು ಕೊಪ್ಪಳ ಎಂಬ ಎರಡು ಜಿಲ್ಲೆಗಳ ಭಾಗಗಳೂ, ಅದಕ್ಕೆ ಸೇರುತ್ತವೆ. ಸಾಮ್ರಾಜ್ಯದ ಪತನಾನಂತರ ಈ ಎರಡು ದಡಗಳನ್ನೂ ಒಂದೇ ಘಟಕವೆಂದು ಪರಿಗಣಿಸಿದ ಆಡಳಿತ ಸಂಸ್ಥೆಗಳು ವಿರಳ; ಈ ದೃಷ್ಟಿಯಿಂದ ಪ್ರಾಧಿಕಾರದ ನಕ್ಷೆಯು ಕಂದಾಯ ಇಲಾಖೆಯ ನಕ್ಷೆಗಿಂತ ಚರಿತ್ರೆಗೆ ಹೆಚ್ಚು ನಿಷ್ಠವಾಗಿದೆಯೆಂದು ಒಪ್ಪಲೇಬೇಕು.

ನಕ್ಷೆಯು ನಿಷ್ಠವಾದರೂ ನಿವಾಸಿಗೆ ಸುಖವಿಲ್ಲ. ಪ್ರಾಚೀನ ಸ್ಮಾರಕಗಳ ಕಾಯಿದೆಯ 2010ರ ತಿದ್ದುಪಡಿಯ ಮೇಲೆ, ಸಂರಕ್ಷಿತ ಸ್ಮಾರಕದ ಎಲ್ಲೆಯಿಂದ 100 ಮೀಟರಿನೊಳಗೆ ಹೊಸ ಕಟ್ಟಡವು ನಿಷಿದ್ಧ, ಅಲ್ಲಿಂದ ಮುಂದಿನ 200 ಮೀಟರಿನಲ್ಲಿ ನಿಯಂತ್ರಿತ. ಸ್ಮಾರಕಗಳು ಎಲ್ಲೋ ಒಂದೊಂದಾಗಿ ಇರುವ ಊರಿನಲ್ಲಿ ಈ ನಿಯಮವು ಸಹ್ಯವಾದೀತು. ಹೆಜ್ಜೆಹೆಜ್ಜೆಗೂ ಮಂಟಪವಿರುವ ಸೀಮೆಯಲ್ಲಿ ವೃತ್ತದ ಮೇಲೆ ವೃತ್ತವು ಬಿದ್ದು, ಮಗನ ಮದುವೆಗೆಂದು ಒಂದು ಕೋಣೆಯನ್ನು ಏರಿಸಬಯಸುವ ಗೃಹಸ್ಥನು ಪುರಸಭೆಯ ಪರವಾನಗಿಯೊಂದರಿಂದ ತೃಪ್ತನಾಗುವಂತಿಲ್ಲ. ಮನೆಕಂದಾಯವನ್ನು ವಸೂಲು ಮಾಡುವ ಸಂಸ್ಥೆಯೊಂದು, ಮನೆಯನ್ನು ಕಟ್ಟಬಹುದೇ ಎಂದು ಹೇಳುವ ಸಂಸ್ಥೆ ಮತ್ತೊಂದು. 2011ರಲ್ಲಿ ಹಂಪಿಯ ಬಜಾರಿನ ಸಾಲುಮಂಟಪಗಳಲ್ಲಿ ವಾಸಿಸುತ್ತಿದ್ದ ಕುಟುಂಬಗಳನ್ನು ತೆರವುಗೊಳಿಸಿದಾಗ, ಅವರ ಪಂಚಾಯಿತಿಯ ಮಾತು ಎಷ್ಟು ದೂರ ಕೇಳಿಸಿತೆಂಬುದನ್ನು ಈ ಸೀಮೆಯ ಜನರು ಮರೆತಿಲ್ಲ. ಸ್ಮಾರಕಗಳ ರಕ್ಷಣೆಯು ಅನಾವಶ್ಯಕವೆಂದು ಹೇಳುವ ಧೈರ್ಯ ನನಗಿಲ್ಲ, ಹೇಳುವುದು ಸರಿಯೂ ಅಲ್ಲ. ಕಂಬಗಳನ್ನು ಒಡೆದು ಗೋಡೆ ಕಟ್ಟಿದ ಉದಾಹರಣೆಗಳೂ ಇಲ್ಲಿ ಇದ್ದುವು. ಆದರೆ ಶತಮಾನಗಳ ಕಾಲ ಈ ಕಲ್ಲುಗಳ ನಡುವೆ ಕಬ್ಬನ್ನೂ ಬಾಳೆಯನ್ನೂ ಬೆಳೆದು, ತುರ್ತು ಕಾಲುವೆಯ ಹೂಳನ್ನು ತೆಗೆದುಕೊಂಡು ಬಂದ ಜನರೂ ಈ ಪರಂಪರೆಯ ಒಂದು ಅಂಗವೆಂಬುದನ್ನು ಶಾಸನರೂಪದಲ್ಲಿ ಒಪ್ಪಿಕೊಳ್ಳುವ ಕೆಲಸವು ಇನ್ನೂ ಆಗಬೇಕಾಗಿದೆ. ಹರಿಯುತ್ತಿರುವ ಕಾಲುವೆಯು ಸ್ಮಾರಕವಾದರೆ, ಅದನ್ನು ಹರಿಯಿಸುವ ಕೈಗಳಿಗೂ ಆಡಳಿತದಲ್ಲಿ ಒಂದು ಪೀಠವಿರಬೇಕಷ್ಟೆ.

2021ರಲ್ಲಿ ವಿಜಯನಗರ ಜಿಲ್ಲೆಯ ಉದಯವು ಮತ್ತೊಂದು ರೇಖೆಯನ್ನು ಎಳೆಯಿತು. ಹೊಸಪೇಟೆಯು ಜಿಲ್ಲಾಕೇಂದ್ರವಾಯಿತು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹೂವಿನಹಡಗಲಿ, ಹರಪನಹಳ್ಳಿಗಳು ಅದರೊಡನೆ ಬಂದುವು. ಅದಕ್ಕೆ ಕೆಲವು ವರ್ಷ ಮುಂಚೆ ಹೊಸಪೇಟೆ ತಾಲ್ಲೂಕಿನಿಂದ ಬೇರೆಯಾಗಿ ಸ್ವತಂತ್ರ ತಾಲ್ಲೂಕೆನಿಸಿದ ಕಂಪ್ಲಿಯೂ, ಹೊಸಪೇಟೆಯ ಬೆನ್ನಿಗೇ ಇರುವ ಸಂಡೂರೂ ಬಳ್ಳಾರಿ ಜಿಲ್ಲೆಯಲ್ಲಿಯೇ ಉಳಿದುವು. ವಿಜಯನಗರಕ್ಕೆ ಪೂರ್ವರಂಗವಾಗಿ 1327ರಲ್ಲಿ ಅಳಿದ ಕಂಪಿಲರಾಯನ ರಾಜ್ಯದ ಮುಖ್ಯಪಟ್ಟಣವಾದ ಕಂಪ್ಲಿಯು ವಿಜಯನಗರದ ಹೆಸರಿನ ಜಿಲ್ಲೆಯ ಹೊರಗುಳಿದುದು ಒಂದು ವಿಪರ್ಯಾಸ. ಕಂಪ್ಲಿಯ ಪೇಟೆಯೂ ಕಾಲುವೆಯೂ ಹೊಸಪೇಟೆಯ ಕಡೆಗೆ ಮುಖಮಾಡಿದ್ದರೂ ಅಲ್ಲಿಯವರು ಜಿಲ್ಲಾಧಿಕಾರಿಯನ್ನು ಕಾಣಲು ಬೆನ್ನು ತಿರುಗಿಸಿ ಬಳ್ಳಾರಿಗೆ ಹೋಗುವುದು ಇನ್ನೊಂದು. ಸಂಡೂರಿನ ಕಬ್ಬಿಣದ ಅದಿರಿನ ಮೇಲೆ ಬರುವ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿಯನ್ನು ನೆನೆದರೆ, ಈ ರೇಖೆಯ ಅರ್ಥಶಾಸ್ತ್ರವೂ ಗೋಚರಿಸುತ್ತದೆ. ಅದಿರಿನ ಲಾರಿಗಳ ಕೆಂಧೂಳಿಗೆ ಜಿಲ್ಲೆಯ ಗಡಿ ತಿಳಿಯದು, ನಿಧಿಗೆ ತಿಳಿಯುತ್ತದೆ. ಇನ್ನೊಂದು ವಿಚಿತ್ರವನ್ನು ಪ್ರಾಸಂಗಿಕವಾಗಿ ಹೇಳಬಹುದು: 1800ರ ಅನಂತರ ಎಂದೂ ಹೈದರಾಬಾದು ಸಂಸ್ಥಾನಕ್ಕೆ ಸೇರಿರದೆ ಮದರಾಸಿಗೆ ಸೇರಿದ್ದ ಬಳ್ಳಾರಿಯು ಸಂವಿಧಾನದ 371ಜೆ ವಿಧಿಯ ಪ್ರಯೋಜನಕ್ಕಾಗಿ ಹೈದರಾಬಾದ್ ಕರ್ನಾಟಕದಲ್ಲಿ ಗಣಿತವಾಗಿ, 2019ರಿಂದ ಕಲ್ಯಾಣ ಕರ್ನಾಟಕವೆನಿಸಿದೆ.

ಹೊಸ ಜಿಲ್ಲೆಗೆ ಜಿಲ್ಲಾಧಿಕಾರಿ ಬಂದರು, ಕಚೇರಿಗಳು ಬಂದುವು. 2016ರಲ್ಲಿ ಚುನಾಯಿತವಾದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿಯು 2021ರಲ್ಲಿ ಮುಗಿದ ಮೇಲೆ ವರ್ಷಗಳವರೆಗೆ ಚುನಾವಣೆಯಾಗದೆ ಹೋದುದರಿಂದ, ವಿಜಯನಗರವು ತನ್ನ ಶೈಶವವನ್ನು ಚುನಾಯಿತ ಜಿಲ್ಲಾ ಪಂಚಾಯಿತಿಯಿಲ್ಲದೆಯೇ ಕಳೆಯಿತು. ರಿಪ್ಪನ್ನನ ಕಾಲದಲ್ಲಿ ಕಲೆಕ್ಟರನೇ ಬೋರ್ಡಿನ ಅಧ್ಯಕ್ಷನಾಗಿರುತ್ತಿದ್ದನೆಂದು ನಾವು ಪಠ್ಯಪುಸ್ತಕಗಳಲ್ಲಿ ಆಕ್ಷೇಪಿಸುತ್ತೇವೆ. ಆಡಳಿತಾಧಿಕಾರಿಯೇ ಪಂಚಾಯಿತಿಯಾದ ಸ್ಥಿತಿಯು ಅದಕ್ಕಿಂತ ಎಷ್ಟು ಮೇಲು ಎಂಬುದನ್ನು ಓದುಗರೇ ತೂಗಿ ನೋಡಲಿ.

ಕಾಲುವೆಗಳ ವಿಷಯ ಹೇಳಿ ಮುಗಿಸಬೇಕು. ಇಂದು ತುಂಗಭದ್ರೆಯ ನೀರನ್ನು ಯಾವ ಕಾಲುವೆಗೆ, ಯಾವ ದಿನಾಂಕದಿಂದ, ಎಷ್ಟು ಬಿಡಬೇಕೆಂಬುದನ್ನು ನೀರಾವರಿ ಸಲಹಾ ಸಮಿತಿಯು ತೀರ್ಮಾನಿಸುತ್ತದೆ. ಅದರ ಸಭೆಯು ವಾಡಿಕೆಯಂತೆ ಸೇರುವುದು ಹೊಳೆಯಾಚೆ, ಕೊಪ್ಪಳ ಜಿಲ್ಲೆಯ ಮುನಿರಾಬಾದಿನಲ್ಲಿ. ರಾಯ ಬಸವಣ್ಣ ಕಾಲುವೆಗಳಿಗೆ ವರ್ಷದ ಬಹುಭಾಗ ನೀರು ಬಿಡಬೇಕೆಂಬ ಪುರಾತನ ಹಕ್ಕು ಆ ಸಭೆಯಲ್ಲಿಯೂ ಮಾನ್ಯವಾಗಿದೆ. ಕಮಲಾಪುರ ಪುರಸಭೆಯ ವಾರ್ಡಿನಲ್ಲಿ ಮತ ಹಾಕಿ, ಹಂಪಿಯ ಪ್ರಾಧಿಕಾರದ ವಲಯದಲ್ಲಿ ಗದ್ದೆ ಮಾಡಿ, ಹೊಸಪೇಟೆಯಲ್ಲಿ ಪಹಣಿ ತೆಗೆಸುವ ರೈತನು ಜೂನ್ ತಿಂಗಳು ಬಂತೆಂದರೆ ಈ ಮೂರು ಕಚೇರಿಗಳನ್ನೂ ಬಿಟ್ಟು ಮುನಿರಾಬಾದಿನ ಸುದ್ದಿಗೆ ಕಿವಿಗೊಡುತ್ತಾನೆ; ಕಂಪ್ಲಿಯವನೂ ಹಾಗೆಯೇ, ಗಂಗಾವತಿಯವನೂ ಹಾಗೆಯೇ. ನೀರು ಬಿಟ್ಟ ಸುದ್ದಿ ತಿಳಿದೊಡನೆ ಸಸಿಮಡಿಯನ್ನು ಹದಗೊಳಿಸಲು ಆಳುಗಳನ್ನು ಕರೆಯುತ್ತಾರೆ.